ಕೆಂಪು ಹೆಪ್ಪು

ಮುಚ್ಚಳ ತೆಗೆದೊಡನೆ ಬ್ಲೀಚಿಂಗ್ ಪುಡಿಯ ವಾಸನೆ ಮೂಗಿಗೆ ರಾಚಿತು. ತೋಫು ಕಾರ್ಖಾನೆಯ ಹಿತ್ತಿಲಿನ ಮೂರು ತೊಟ್ಟಿಗಳೂ ಖಾಲಿ. ನಿನ್ನೆಯವರೆಗೆ ಬೀಟ್‌ರೂಟ್ ಬೇಯಿಸಿದಂತೆ ಕೆಂಪು ನೀರು ತುಂಬಿತ್ತು. ಈಗ ಒಳಗೋಡೆ ಬೆಳ್ಳಗೆ ಹೊಳೆಯುತ್ತಿದೆ. ಚಿನ್‌ಹ್ವಾ ಮುಚ್ಚಳ ಹಿಡಿದುಕೊಂಡೇ ನಿಂತಳು. ಬೈಯಲೂ ತ್ರಾಣವಿರಲಿಲ್ಲ.

ಎಂಬತ್ತೆರಡರ ಅತ್ತೆ ಪೊರಕೆ ಹಿಡಿದು ಬಾಗಿಲಲ್ಲಿದ್ದರು. ಚಾಂದ್ರಮಾನದ ಹೊಸವರ್ಷಕ್ಕೆ ನಾಲ್ಕೇ ದಿನ. ಹಳೇ ವರ್ಷದ ಕೊಳೆ ಒಂದು ಚೂರೂ ಹೊಸ ವರ್ಷಕ್ಕೆ ದಾಟಬಾರದೆಂದು ಅವರಿಗೆ ಅವರ ಅತ್ತೆ ಕಲಿಸಿದ್ದರು.

"ಗಬ್ಬು ನಾರ್ತಿತ್ತು. ನಿಂಗೆಲ್ಲಿ ಪುರ್ಸೊತ್ತು ಅಂತ ನಾನೇ ಉಜ್ಜಿಬಿಟ್ಟೆ" ಎಂದರು. ಹೊಗಳಿಕೆಗೆ ಕಾದಿದ್ದ ಮುಖ.

"ಅದು ಕೊಳೆ ಅಲ್ಲ ಅತ್ತೆ. ಹೆಪ್ಪು."

ಸೋಯಾ ಹಾಲು ಒಡೆಸಿ ತೋಫು ಹಿಂಡಿದಾಗ ಸೋರುವ ಹಳದಿ ನೀರು ಕಾಲುವೆಗೆ ಬಿದ್ದು, ಹುಳಿ ಹಿಡಿದು, ಮೀನು ಸಾಯುತ್ತಿದ್ದವು. ಬರುವ ಮಾರ್ಚ್ ಒಳಗೆ ನಿಲ್ಲಿಸಿ, ಇಲ್ಲವೇ ಒಲೆ ಆರಿಸಿ ಎಂದು ನೋಟಿಸು ಬಂದಿತ್ತು. ಗಂಡ ಹೋದಮೇಲೆ ಕಾರ್ಖಾನೆಯೆಲ್ಲ ಅವಳ ತಲೆಗೇ. ತರಬೇತಿಗೆ ಹೋಗಿ ಒಂದು ಬಾಟಲಿ ಕೆಂಪು ಸೂಕ್ಷ್ಮಜೀವಿ ತಂದು, ಆ ಹಳದಿ ನೀರನ್ನೇ ಉಣಿಸಿ, ಕೂಸಿನ ಹಾಗೆ ಸಾಕಿ ಗೊಬ್ಬರದ ನೀರು ಮಾಡಿದ್ದಳು. ಊರೆಲ್ಲ ನಕ್ಕಿತ್ತು. ಈರುಳ್ಳಿ ಸೊಪ್ಪು ಬೆಳೆಯುವ ನೆರೆಯ ಬುನ್‌ಹೋ ಮಾವ ಒಬ್ಬರೇ ನಗುತ್ತಲೇ ಅದನ್ನು ಒಯ್ದು ಹೊಲಕ್ಕೆ ಹಾಕಿದ್ದರು.

ಈಗಲೂ ಅವರಲ್ಲಿಗೇ ಹೋದಳು. ಸುದ್ದಿ ಕೇಳಿ ಮಾವ ಪಂಪಿನ ಕೋಣೆಯೆಲ್ಲ ತಡಕಾಡಿ, ಗೋಣಿಚೀಲದ ಹಿಂದಿನಿಂದ ಅದೇ ಕೆಂಪು ನೀರಿನ ಅರ್ಧ ಬಾಟಲಿ ಎಳೆದರು. ಕತ್ತಲಲ್ಲಿ ಬಿದ್ದು ಬಣ್ಣ ಬಿಟ್ಟಿತ್ತು.

"ನಾಳೆ ಹಾಕಿದ್ರಾಯ್ತು ಅಂತ ಬಿಟ್ಟಿದ್ದು. ಸೋಮಾರಿತನಾನೂ ಒಂದೊಂದ್ಸಲ ಕೆಲಸಕ್ಕೆ ಬರುತ್ತೆ ನೋಡವ್ವ. ಬದುಕುತ್ತಾ ಇದು?"

"ಬಿಸಿಲು ಸಿಕ್ಕಿದ್ರೆ."

ಇಬ್ಬರೂ ಆಕಾಶ ನೋಡಿದರು. ಯೀಲಾನ್ ಸೀಮೆಯ ಚಳಿಗಾಲದ ಜಿನುಗು ಮಳೆ. ಹದಿನಾರು ದಿನದಿಂದ ಬಟ್ಟೆಯೇ ಒಣಗಿಲ್ಲ.

ಮನೆಗೆ ಬಂದು ಬಾಟಲಿಗೆ ಹಳದಿ ನೀರು ತುಂಬಿಸಿ ಕಿಟಕಿಯಲ್ಲಿಟ್ಟಳು. ಇದಕ್ಕೆ ಬೆಳಕು ಬೇಕು, ದಯವಿಟ್ಟು ಮುಟ್ಟಬೇಡಿ ಎಂದು ಅತ್ತೆಗೆ ಹೇಳುವಾಗ ದನಿ ಒರಟಾಯಿತು. ಅತ್ತೆ ಬಾಟಲಿಯನ್ನೊಮ್ಮೆ ನೋಡಿ ಒಳಗೆ ಹೋದರು. ತಪ್ಪಾಯಿತು ಎನ್ನುವ ರೂಢಿ ಅವರಿಗೆ ಎಂದೂ ಇರಲಿಲ್ಲ. ಚಿನ್‌ಹ್ವಾ ಹೋಗಿ ಬ್ಲೀಚಿಂಗ್ ಹೋಗಲೆಂದು ತೊಟ್ಟಿಗಳನ್ನು ಮೂರು ಸಲ ತೊಳೆದು, ಹಬ್ಬದ ತೋಫು ಹಿಂಡಲು ನಿಂತಳು. ಹಳದಿ ನೀರು ಮತ್ತೆ ಕಾಲುವೆಗೇ ಹರಿಯಿತು. ಅದನ್ನು ನೋಡಲಾರದೆ ಮುಖ ತಿರುಗಿಸಿದಳು.

ಸಂಜೆ ಕಾಲು ಎಳೆಯುತ್ತ ಬಂದರೆ ಕಿಟಕಿಯಲ್ಲಿ ಬಾಟಲಿ ಇಲ್ಲ.  ಬಚ್ಚಲು ನೋಡಿದಳು, ಕಸದ ಬುಟ್ಟಿ ನೋಡಿದಳು, ಕೊನೆಗೆ ನಡುಮನೆಗೆ ಬಂದಳು.

ತೀರಿದ ಹಿರಿಯರನ್ನು ಪೂಜಿಸುವ ಪೀಠದ ಮೇಲೆ ಹಬ್ಬಕ್ಕಿಟ್ಟ ಕಿತ್ತಳೆಗಳು ಒಂದು ಮೂಲೆಗೆ ಸರಿದಿದ್ದವು. ಅತ್ತೆಯ ಗಂಡನ ಪಟ, ತನ್ನ ಗಂಡನ ಪಟ, ಹಗಲೂ ರಾತ್ರಿ ಆರಿಸದ ಎರಡು ದೀಪದ ಬಲ್ಬುಗಳು. ಆ ಬಲ್ಬುಗಳ ಬೆಳಕಿನ ನಡುವೆ ಬಾಟಲಿ. ಅತ್ತೆ ಕುರ್ಚಿ ಎಳೆದುಕೊಂಡು ಕೂತು, ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ಅದರ ಮೇಲೆ ಕೈಯಿಟ್ಟಿದ್ದರು.