‘ಬಾ’ ಎನ್ನದ ಮನೆ

ಮಾಜಾಳಿಯ ಗೋದಾವರಿ ಸುಳ್ಳು ಹೇಳದೆ ಒಂದು ಬಾಂಗಡೆಯನ್ನೂ ಮಾರಿದವಳಲ್ಲ. ಆದರೆ ಆ ಮೇ ತಿಂಗಳ ಬೆಳಿಗ್ಗೆ ಕಾರವಾರದ ಮೀನುಪೇಟೆಯಲ್ಲಿ ನಿನ್ನೆಯ ಮೀನನ್ನು ನಿನ್ನೆಯದೆಂದೇ ಹೇಳಿಬಿಟ್ಟಳು. ಪಕ್ಕದ ಬುಟ್ಟಿಯ ಲತಾ ಹೆದರಿ ಅವಳ ಹಣೆ ಮುಟ್ಟಿ ನೋಡಿದಳು.

ಜ್ವರವಿರಲಿಲ್ಲ. ಮಗಳು ದೀಕ್ಷಾ ನೇಪಾಳದ ಬೆಟ್ಟವೊಂದರ ಮೇಲಿದ್ದಳು. ಅಂಥಿಂಥ ಬೆಟ್ಟವಲ್ಲ, ಎಂಟು ಸಾವಿರ ಮೀಟರಿಗಿಂತ ಎತ್ತರದ್ದು. ಅಲ್ಲಿ ಉಗುಳಿದರೆ ಉಗುಳು ನೆಲ ಮುಟ್ಟುವ ಮೊದಲೇ ಕಲ್ಲಾಗುತ್ತದೆ ಎಂದು ಗೋದಾವರಿ ಪೇಟೆಗೆಲ್ಲ ಸಾರಿದ್ದಳು. ಅಂಕೋಲೆಯ ಕಾಲೇಜಿನ ಎನ್‌ಸಿಸಿಯಲ್ಲಿ ಹಗ್ಗ ಹಿಡಿದ ಹುಡುಗಿ ಹನ್ನೆರಡು ವರ್ಷಗಳಲ್ಲಿ ಆರು ಬೆಟ್ಟ ಹತ್ತಿದ್ದಳು, ಎಡಗಾಲಿನ ಎರಡು ಬೆರಳನ್ನು ಹಿಮಕ್ಕೆ ಕೊಟ್ಟಿದ್ದಳು. ಹೋದ ವರ್ಷ ಇದೇ ಬೆಟ್ಟದಲ್ಲಿ ತುದಿ ಕಣ್ಣಿಗೆ ಕಾಣುವಾಗ ತಿರುಗಿ ಬಂದಿದ್ದಳು. ಈ ಸಲವೂ ಬರಿಗೈಯಲ್ಲಿ ಬಂದರೆ ದುಡ್ಡು ಹಾಕಿ ಕಳಿಸುವವರು ಇನ್ನು ಯಾರೂ ಇಲ್ಲ. ಬಾಳೆಗುಳಿ ಕ್ರಾಸಿನಲ್ಲಿ ಕಟ್ಟಲು ಬ್ಯಾನರ್ ಕೂಡ ಅಚ್ಚಾಗಿತ್ತು. ಅದರಲ್ಲಿ ದೀಕ್ಷಾ ಆಗಲೇ ತುದಿಯಲ್ಲಿ ನಿಂತು ಬಾವುಟ ಹಿಡಿದಿದ್ದಳು.

ಎಂಟು ಗಂಟೆಗೆ ಬೆಟ್ಟ ಹತ್ತಿಸುವ ಕಾಠ್ಮಂಡುವಿನ ಆಫೀಸಿನಿಂದ ಪ್ರದೀಪನ ಮೊಬೈಲಿಗೆ ಸಂದೇಶ ಬಂತು: ಮಧ್ಯಾಹ್ನದ ಹೊತ್ತಿಗೆ ಬಿರುಗಾಳಿ ಇದೆ, ಎಲ್ಲರಿಗೂ ಇಳಿಯಲು ಹೇಳಿದ್ದೇವೆ. ಪ್ರದೀಪ ಗೋದಾವರಿಯ ಗಂಡನ ಅಣ್ಣನ ಮಗ, ಟ್ರಾಲರ್ ಬೋಟು ನಡೆಸುವ ತಾಂಡೇಲ. ಬೋಟು ಎಲ್ಲಿದೆಯೆಂದು ನಕ್ಷೆಯ ಮೇಲಿನ ಚುಕ್ಕೆ ನೋಡಿ ಹೇಳುವುದರಲ್ಲಿ ಅವನನ್ನು ಮೀರಿಸಿದವರು ಗೋವೆಯವರೆಗೂ ಇರಲಿಲ್ಲ. ದೀಕ್ಷಾಳ ಬಳಿಯಿದ್ದ ಯಂತ್ರ ಕಳಿಸುವ ಚುಕ್ಕೆಯನ್ನೂ ಬುಟ್ಟಿಯ ಪಕ್ಕ ಕುಳಿತು ಅವನೇ ನೋಡುತ್ತಿದ್ದ.

“ಚಿಕ್ಕೀ, ತಿರುಗಿದ್ಲು,” ಎಂದ. “ನೋಡು, ಕ್ಯಾಂಪು ತೆಂಕಿಗೆ ಅದೆ. ಇವ್ಳ ಮೂತಿಯೂ ತೆಂಕಿಗೆ. ಸೀದಾ ಬಂದರಕ್ಕೇ ಹೊಂಟದೆ.”

ಗೋದಾವರಿಯ ಎದೆಯಿಂದ ಒಂದು ಹಡಗಿನಷ್ಟು ಭಾರ ಇಳಿಯಿತು. ಲತಾಳಿಗೆ ಚಹಾ ತರಿಸಿದಳು. ಇಪ್ಪತ್ತು ವರ್ಷಗಳಲ್ಲಿ ಅದು ಎರಡನೇ ಚಹಾ.

ಒಂಬತ್ತೂವರೆಗೆ ಶಿರವಾಡದ ತುಳಸಿದಾಸ ಬಂದ. ಊರೆಲ್ಲ ಅಳೆದು ನಿವೃತ್ತನಾದ ಸರ್ವೆಯರ್. ಮೀನನ್ನೂ ಗೇಣು ಹಾಕಿ ಅಳೆದೇ ಕೊಳ್ಳುವವನು. ಮೊಬೈಲನ್ನು ಕನ್ನಡಕದ ಹತ್ತಿರ ಹಿಡಿದ.

“ಚುಕ್ಕೆಯ ಕೆಳಗಿನ ಈ ನಂಬ್ರ ನೋಡಿದ್ಯೇನೋ ಪ್ರದೀಪ?”

“ಅದು ಎಂತದೋ ಇರ್ತದೆ. ನಮ್ಮ ಬೋಟಿಗೆ ಅದು ಬೇಡ.”

“ನಿನ್ನ ಬೋಟಿಗೆ ಎಂತಕ್ಕೆ ಬೇಕು, ಸಮುದ್ರ ಚಪ್ಪಟೆ ಅದೆ. ಇದು ಎತ್ತರ, ಮಾರಾಯ. ಅರ್ಧ ತಾಸಿನ ಹಿಂದಿನ ಚುಕ್ಕೆಗೆ ಏಳು ಸಾವಿರದ ಒಂಬೈನೂರಾ ಎಂಬತ್ತಿತ್ತು. ಈಗ ಎಂಟು ಸಾವಿರದ ಹತ್ತು. ಹತ್ತುವ ಬೆಟ್ಟದ ಏಣೇ ತೆಂಕಿಗೆ ಬಳುಕಿದೆ, ಅಷ್ಟೇ. ಅವ್ಳು ಇಳೀತಾ ಇಲ್ಲ. ಹತ್ತತಾ ಇದ್ದಾಳೆ.”

ಪ್ರದೀಪನ ಮುಖ ಮಂಜುಗಡ್ಡೆಯ ಮೇಲಿಟ್ಟ ಮೀನಿನಂತಾಯಿತು. ಒಂದೂವರೆ ಗಂಟೆ ಎಲ್ಲರೂ ನೆಮ್ಮದಿಯಿಂದ ಕುಳಿತಿದ್ದರು. ಆ ಒಂದೂವರೆ ಗಂಟೆ ಹುಡುಗಿ ಬಿರುಗಾಳಿಯ ಬಾಯಿಗೇ ನಡೆದಿದ್ದಳು.

ಗೋದಾವರಿ ಮೀನಿನ ಮೇಲೆ ನೀರು ಚಿಮುಕಿಸಿದಳು. ಅವಳ ಮನೆತನದಲ್ಲಿ ಒಂದು ಕಟ್ಟು ಇತ್ತು. ನೀರಿಗಿಳಿದವರಿಗೆ ದಡದ ಹೆಂಗಸರು ‘ಬಾ’ ಎನ್ನಬಾರದು. ‘ಹೋಗಿ ಬಾ’ ಎಂದೂ ಇಲ್ಲ. ‘ಆಯ್ತು’ ಎನ್ನಬೇಕು, ಒಳಗೆ ಹೋಗಬೇಕು. ಬಾ ಎಂದರೆ ಸಮುದ್ರ ಕೇಳಿಸಿಕೊಂಡು ಬೋಟನ್ನಷ್ಟೇ ಕಳಿಸುತ್ತದೆಯಂತೆ. ಹನ್ನೆರಡು ವರ್ಷ, ಆರು ಬೆಟ್ಟ, ಪ್ರತಿ ಸಲವೂ ಅವಳು ಮಗಳಿಗೆ ಹೇಳಿದ್ದು ‘ಆಯ್ತು’ ಒಂದೇ.

ಹತ್ತು ಗಂಟೆಗೆ ಫೋನು ಬಂತು. ಸ್ಯಾಟಲೈಟ್ ಫೋನಿನ ದೊಡ್ಡ ನಂಬರು. ಗೋದಾವರಿ ಕೈಯ ಲೋಳೆಯನ್ನು ಸೀರೆಗೆ ಒರೆಸಿ ಹಿಡಿದಳು. ಗಾಳಿಯ ಸದ್ದು, ಏದುಸಿರು.

“ಆಯೀ, ನಾನು.”

“ಗೊತ್ತದೆ. ಎಂತಾದ್ರೂ ತಿಂದ್ಯಾ?”

“ನೂರು ಮೀಟರು ಅದೆ. ಗೈಡು ಇಳೀವಾ ಹೇಳ್ತಿದ್ದಾನೆ. ಮೋಡ ಇನ್ನೂ ಕೆಳಗದೆ. ನೀ ಆಯ್ತು ಅನ್ನು, ಅಷ್ಟೇ. ನಾ ಹೋಗ್ತೆ.”

“ಎಷ್ಟು ಹೊತ್ತು ಬೇಕು?”

“ಒಂದು ತಾಸು. ಗೈಡು ಇಳೀವಾ ಹೇಳ್ತಿದ್ದಾನೆ. ನೂರು ಮೀಟರು ಅದೆ, ಆಯೀ.”

“ಈಗಷ್ಟೇ ಹೇಳ್ದೆ ಅಲ್ವೇ ಅದನ್ನ.”

“ಎಂತ ಹೇಳ್ದೆ?” ದೀಕ್ಷಾ ಎರಡು ಸಲ ಕೆಮ್ಮಿದಳು. ಆಮೇಲೆ ಮತ್ತೆ, “ನೂರು ಮೀಟರು ಅದೆ. ನೀ ಆಯ್ತು ಅನ್ನು.”

ಪೇಟೆಯಲ್ಲಿ ಇನ್ನೂರು ಹೆಂಗಸರು ಒಟ್ಟಿಗೆ ಕೂಗುತ್ತಿದ್ದರು. ಗೋದಾವರಿಗೆ ಅದೊಂದೂ ಕೇಳಿಸಲಿಲ್ಲ. ಗೋವೆಯಿಂದ ಕುಡಿದು ಬಂದ ಗಿರಾಕಿಗಳು ಹೀಗೆ ಒಂದೇ ಮಾತನ್ನು ಮೂರು ಸಲ ಆಡುತ್ತಾರೆ. ತನ್ನ ಮಗಳು ಆಡುವವಳಲ್ಲ. ಅಷ್ಟೆತ್ತರದಲ್ಲಿ ಉಸಿರು ಸಾಲದೆ ತಲೆ ಮಂಕಾಗುತ್ತದೆಂದು ಹಿಂದೊಮ್ಮೆ ಅವಳೇ ಹೇಳಿದ್ದಳು.

“ಬಾ,” ಎಂದಳು.

ಲತಾ ಬಾಯಿಗೆ ಸೆರಗು ಒತ್ತಿಕೊಂಡಳು.

“ಆಯೀ?”

“ತಿರುಗಿ ಬಾ ಹೇಳ್ದೆ.”

“ಹಾಗೆ ಹೇಳ್ಬಾರ್ದು ನೀನು.”

“ಹೇಳಿ ಆಯ್ತಲ್ಲ. ಈಗ ಬಾ.”

“ಬಾಬಾ ಇದ್ದಿದ್ರೆ ಹೋಗು ಅಂತಿದ್ದ.”

“ನಿನ್ನ ಅಪ್ಪನಾ? ಮೋಡ ಇಷ್ಟೇ ಇಷ್ಟು ಕಂಡ್ರೆ ಬಲೆ ಬಿಟ್ಟು ಓಡಿ ಬರ್ತಿದ್ದ. ಬಂದರದಲ್ಲಿ ಎಲ್ಲ ನಗಾಡ್ತಿದ್ರು. ಎಪ್ಪತ್ತು ವರ್ಷಕ್ಕೆ ಸಕ್ಕರೆ ಕಾಯಿಲೆ ಬಂದು ಮಂಚದ ಮೇಲೆ ಸತ್ತ, ನನ್ನ ಬೈತಾ ಬೈತಾ. ಬಾ.”

“ಇನ್ನೊಮ್ಮೆ ಯಾರೂ ಕಳಿಸೂದಿಲ್ಲ, ಆಯೀ. ಎಲ್ಲ ಮುಗೀತದೆ.”

“ಮುಗೀಲಿ.”

ಫೋನು ಕಟ್ಟಾಯಿತು.

ನಾಲ್ಕು ತಲೆಗಳು ಒಂದು ಮೊಬೈಲಿನ ಮೇಲೆ ಬಾಗಿದವು. ಎಂಟು ಸಾವಿರದ ನಲವತ್ತು. ಹತ್ತು ನಿಮಿಷ ಅಷ್ಟೇ. ಇಪ್ಪತ್ತು ನಿಮಿಷವೂ ಅಷ್ಟೇ. ಬೆಕ್ಕೊಂದು ಬುಟ್ಟಿಯಿಂದ ಇಸ್ವಾಣ ಮೀನಿನ ಬಾಲ ಎಳೆದುಕೊಂಡು ಹೋಯಿತು, ಯಾರೂ ಓಡಿಸಲಿಲ್ಲ. ಎಂಟು ಸಾವಿರದ ನಲವತ್ತಾರು.

“ಏರಿತು,” ಎಂದ ತುಳಸಿದಾಸ, ಅಳೆಯುವವನ ದನಿಯಲ್ಲೇ.

ಗೋದಾವರಿ ಕಣ್ಣು ಮುಚ್ಚಿದಳು. ಆಡಬಾರದ್ದನ್ನು ಆಡಿಯಾಗಿತ್ತು. ಬಾಯೊಳಗೆ ಅದು ಮೀನಿನ ಪಿತ್ತದ ಹಾಗೆ ಕಹಿಯಾಗಿತ್ತು. ನೂರು ವರ್ಷ ಆಯಿತೇನೋ ಎನ್ನುವಷ್ಟು ಹೊತ್ತಿನ ಮೇಲೆ ಪ್ರದೀಪ ಅವಳ ಮೊಣಕೈ ಅಲುಗಿಸಿದ.

“ಚಿಕ್ಕೀ, ಎಂಟು ಸಾವಿರದ ಹನ್ನೆರಡು.”

“ಸರಿ ನೋಡು.”

“ನೋಡ್ದೆ. ಈಗ ಒಂಬತ್ತು.”

ಆಮೇಲೆ ಅಂಕಿ ಇಳಿಯುತ್ತಲೇ ಹೋಯಿತು. ಮೂರು ಗಂಟೆಗೆ ಚುಕ್ಕೆ ಕ್ಯಾಂಪಿನಲ್ಲಿ ನಿಂತಿತು. ಗೋದಾವರಿಯ ಬುಟ್ಟಿಯಲ್ಲಿ ಮೀನು ಹಾಗೇ ಇತ್ತು.

ಎರಡು ದಿನದ ಮೇಲೆ ಬೆಟ್ಟದ ಬುಡದಿಂದ ದೀಕ್ಷಾಳ ಫೋನು ಬಂತು. ದನಿ ಸ್ವಚ್ಛವಾಗಿತ್ತು, ಚೂರಿಯ ಹಾಗೆ.

“ಬಿರುಗಾಳಿ ಬಂದದ್ದು ಮೂರು ಗಂಟೆಗೆ. ನಾನು ತುದಿ ಮುಟ್ಟಿ ಇಳೀಬಹುದಿತ್ತು, ಆಯೀ.”

“ಇರಬಹುದು,” ಎಂದಳು ಗೋದಾವರಿ.

“ಹನ್ನೆರಡು ವರ್ಷ. ಒಂದು ಮಾತಲ್ಲಿ ತೆಗ್ದೆ.”

“ಹೌದು.”

“ಇನ್ನು ನಿನ್ನತ್ರ ಮಾತಾಡೂದಿಲ್ಲ ನಾನು.”

“ಮಾತಾಡ್ಬೇಡ. ಫೋನು ಮಾತ್ರ ಇಡ್ಬೇಡ.”

ದೀಕ್ಷಾ ಮಾತಾಡಲಿಲ್ಲ, ಇಡಲೂ ಇಲ್ಲ. ಗೋದಾವರಿ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಅವಚಿಕೊಂಡು ಮೀನು ಕೊಯ್ಯತೊಡಗಿದಳು. ಗಿರಾಕಿ ಬೆಲೆ ಕೇಳಿದರೆ ಬೆರಳೆತ್ತಿ ತೋರಿಸಿದಳು. ಆ ತುದಿಯಲ್ಲಿ ಮಗಳು ಸಿಟ್ಟಿನಿಂದ ಉಸಿರಾಡುತ್ತಿದ್ದಳು.