ತೊಡೆಯ ಮೇಲಿನ ಕಿತ್ತಳೆ ಬುಟ್ಟಿ

ನಮ್ಮೂರಿನ ಕಿತ್ತಳೆ ತೋಟಗಳೆಲ್ಲ ಕಡಲಿಗೆ ಮುಖ ಮಾಡಿ ಗುಡ್ಡದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಇವೆ. ಗುಡ್ಡದ ಬುಡದಲ್ಲಿ ನನ್ನ ಗ್ಯಾರೇಜು. ತೀರ ಮೇಲಿನ ತೋಟ ತೊಕುಜಿಯವರದು. ಅವರ ಮನೆಯಲ್ಲಿ ಎರಡು ಗಾಡಿ: ಹಣ್ಣು ಹೊರಲು ಒಂದು ಪುಟ್ಟ ಬಿಳಿ ಟ್ರಕ್ಕು, ಮನಸ್ಸಿನ ಸಂತೋಷಕ್ಕೆ ಕಾಪುಚಿನೊ ಎಂಬ ಒಂದು ಕೆಂಪು ಕಾರು.

ಈ ಕಾಪುಚಿನೊ ಎಷ್ಟು ಚಿಕ್ಕದೆಂದರೆ ಅದರಲ್ಲಿ ಕೂರುವುದಲ್ಲ, ಅಂಗಿಯಂತೆ ತೊಟ್ಟುಕೊಳ್ಳಬೇಕು. ಎರಡೇ ಸೀಟು. ಚಾವಣಿ ಮೂರು ತುಂಡಾಗಿ ಬಿಚ್ಚಿಕೊಳ್ಳುತ್ತದೆ, ಬಿಚ್ಚಿದ ತುಂಡುಗಳನ್ನು ಡಿಕ್ಕಿಯಲ್ಲಿ ಇಡಬೇಕು. ಇಟ್ಟ ಮೇಲೆ ಅಲ್ಲಿ ಬೇರೇನೂ ಹಿಡಿಸುವುದಿಲ್ಲ. ತೊಕುಜಿಯವರು ಚಾವಣಿ ಮುಚ್ಚಿ ಓಡಿಸಿದ್ದನ್ನು ನಾನಂತೂ ಕಂಡಿಲ್ಲ. ಹಾಗಾಗಿ ಬಂದರಿನಲ್ಲಿರುವ ತಂಗಿಗೆ ಅವರು ಕಿತ್ತಳೆ ಒಯ್ಯುವಾಗಲೆಲ್ಲ ಬುಟ್ಟಿ ಪಕ್ಕದ ಸೀಟಿನಲ್ಲಿ ಕೂತ ಹೆಂಡತಿ ಫುಮಿಯೆಯವರ ತೊಡೆಯ ಮೇಲೆ. ಚಳಿಗಾಲದಲ್ಲೂ ಹಾಗೇ. ತಲೆಗೆ ಬಟ್ಟೆ ಬಿಗಿದು, ಬುಟ್ಟಿಯ ಹಿಂದೆ ಮೂಗಷ್ಟೇ ತೋರಿಸುತ್ತ ಹೋಗುತ್ತಿದ್ದರು.

ತೊಕುಜಿಯವರಿಗೆ ಎಪ್ಪತ್ತಾರು ದಾಟಿತು. ವಯಸ್ಸಾದವರು ಇಲ್ಲಿ ಮಾಡುವಂತೆ, ಹುಟ್ಟುಹಬ್ಬಕ್ಕೆ ಠಾಣೆಗೆ ಹೋಗಿ ಲೈಸೆನ್ಸು ಒಪ್ಪಿಸುತ್ತೇನೆಂದು ಮಗಳಿಗೆ ಮಾತು ಕೊಟ್ಟಿದ್ದರು, ಕೊಟ್ಟ ಹಾಗೇ ಒಪ್ಪಿಸಿದರು. ಮಗಳು ಇನ್ನೂ ಒಂದು ಷರತ್ತು ಹಾಕಿದ್ದಳು. ಓಡಿಸುವವರಿಲ್ಲದೆ ಆ ಕೆಂಪು ಗಾಡಿ ಮನೆಯಲ್ಲಿ ನಿಲ್ಲಬಾರದು, ನಿಂತರೆ ಅಪ್ಪನ ಕೈ ಸುಮ್ಮನಿರುವುದಿಲ್ಲ. ಒಸಾಕಾದ ಒಬ್ಬ ಶೋಕಿಲಾಲ ಭಾನುವಾರ ನೋಡಲು ಬರುವುದಾಗಿ ನನಗೆ ಹೇಳಿದ್ದ. ಅವನು ಹಳೆಯ ಗಾಡಿಗಳನ್ನು ಕೊಂಡು, ಮುಸುಕು ಹಾಕಿ, ಶೆಡ್ಡಿನಲ್ಲಿ ಸಾಲಾಗಿ ನಿಲ್ಲಿಸಿಕೊಳ್ಳುವವನು.

ಅದಕ್ಕೆ ತೊಕುಜಿಯವರು ಹೆದರಿರಲಿಲ್ಲ. ಗಾಡಿ ಓಡಿಸಲು ಮೊಮ್ಮಗಳು ಚಿಗುಸಾ ಇದ್ದಳಲ್ಲ. ಅವಳು ಟಿವಿಯ ಮುಂದೆ ರೇಸಿನ ಆಟದಲ್ಲಿ ಇದೇ ಗಾಡಿಯನ್ನು ಓಡಿಸುತ್ತ ಬೆಳೆದವಳು. ನೇರ ರಸ್ತೆಯಲ್ಲಿ ದೊಡ್ಡ ಗಾಡಿಗಳು ಇವಳನ್ನು ಹಿಂದೆ ಹಾಕಿ ಹೋಗುತ್ತಿದ್ದವು, ಗುಡ್ಡದ ತಿರುವು ಬಂದಾಗ ಇವಳು ಒಂದೊಂದನ್ನೇ ಹಿಡಿಯುತ್ತಿದ್ದಳು. ತಾತ ಪಕ್ಕದಲ್ಲಿ ಕೂತು ಟೀ ಕುಡಿಯುತ್ತ, ಬ್ರೇಕು ಬೇಗ ಹಿಡಿದೆ ಎಂದು ಬೈಯುತ್ತಿದ್ದರು. ಈಗ ಅವಳಿಗೆ ಇಪ್ಪತ್ತಾಗಿದೆ, ಬೇಸಿಗೆ ರಜೆಯಲ್ಲಿ ಲೈಸೆನ್ಸೂ ಬಂದಿದೆ.

ಶನಿವಾರ ತಾತ, ಅಜ್ಜಿ, ಮೊಮ್ಮಗಳು ಮೂವರೂ ನನ್ನ ಗ್ಯಾರೇಜಿಗೆ ಬಂದರು. ಗಾಡಿಯ ಎಣ್ಣೆ ಬದಲಾಯಿಸಿ, ಚಾವಣಿ ಬಿಚ್ಚಿ ಡಿಕ್ಕಿಗಿಟ್ಟು ನಾನು ಸಿದ್ಧಮಾಡಿದ್ದೆ. ಬಂದರಿಗೆ ಒಯ್ಯುವ ಬುಟ್ಟಿ ಎಂದಿನಂತೆ ಫುಮಿಯೆಯವರ ಸೊಂಟದ ಮೇಲಿತ್ತು. ತೊಕುಜಿಯವರು ಮೊಮ್ಮಗಳ ಕೈಗೆ ಕೀಲಿ ಕೊಟ್ಟರು. ಚಿಗುಸಾ ಕೂತಳು, ಸೀಟು ಮುಂದಕ್ಕೆಳೆದುಕೊಂಡಳು, ಗೇರಿನ ಮೇಲೆ ಕೈಯಿಟ್ಟಳು. ಆಮೇಲೆ ಕೈ ತೆಗೆದಳು.

"ತಾತ, ನಂದು ಆಟೋಮ್ಯಾಟಿಕ್ ಲೈಸೆನ್ಸು."

ಅಂದರೆ ಕ್ಲಚ್ಚಿಲ್ಲದ ಗಾಡಿಗಷ್ಟೇ, ಕಾಪುಚಿನೊಗೆ ಅದು ನಡೆಯದು. ಗೆಳತಿಯರೆಲ್ಲ ಅದಕ್ಕೇ ಸೇರಿದ್ದರಂತೆ, ಇವಳೂ ಜೊತೆಗೆ ಸೇರಿದಳಂತೆ. ಆಮೇಲೆ ಸರಿಮಾಡಿಕೊಂಡರಾಯಿತು ಎಂದುಕೊಂಡಳಂತೆ. ಹೇಳಲು ಬಾಯಿ ಬರಲಿಲ್ಲವಂತೆ. ಡ್ರೈವಿಂಗ್ ಶಾಲೆಗೆ ಮತ್ತೆ ನಾಲ್ಕು ದಿನ ಹೋದರೆ ಆಗುವ ಕೆಲಸವೇ, ಆದರೆ ಕಾಲೇಜಿನ ಪರೀಕ್ಷೆಗಳು ಮುಗಿಯದೆ ಆಗದು. ಭಾನುವಾರವೋ ನಾಳೆಯೇ.

ತೊಕುಜಿಯವರು ಬೈಯಲಿಲ್ಲ. ಬಾಗಿಲ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದರು.

"ಆಟದಲ್ಲಿ ಗೇರೆಲ್ಲ ಬೆರಳಲ್ಲೇ ಹಾಕಿದ್ದೀಯ. ಕಾಲಿಗೆ ಕೆಲಸನೇ ಕೊಟ್ಟಿಲ್ಲ ನೀನು," ಎಂದರು. ನಗಿಸಲೆಂದು ಹೇಳಿದ ಮಾತು, ಯಾರೂ ನಗಲಿಲ್ಲ. ಒಸಾಕಾದವನಿಗೆ ಬರಲು ಹೇಳಿಬಿಡು ಎಂದು ನನ್ನ ಕಡೆ ತಿರುಗಿದರು.

ಆಗ ಫುಮಿಯೆಯವರು ಬುಟ್ಟಿಯನ್ನು ಗಂಡನ ಕೈಗೆ ಕೊಟ್ಟರು.

"ಇದನ್ನ ಸ್ವಲ್ಪ ಹಿಡ್ಕೊಳ್ರೀ. ಏಳೇ ಚಿಗುಸಾ, ಜಾಗ ಬಿಡು."

"ನೀನೇನು ಮಾಡ್ತೀಯ?" ಎಂದರು ತೊಕುಜಿ.

"ನಾನೇನು ಲೈಸೆನ್ಸು ವಾಪಸ್ ಕೊಟ್ಟಿಲ್ವಲ್ಲ. ಇಷ್ಟು ವರ್ಷ ಸಹಕಾರ ಸಂಘಕ್ಕೆ ಟ್ರಕ್ಕು ಯಾರು ಓಡಿಸಿದ್ರು ಅಂದ್ಕೊಂಡ್ರಿ? ಕಿತ್ತಳೆಗಳಾ?"

ನನಗೂ ಹೊಳೆದಿರಲಿಲ್ಲ, ನೋಡಿ. ಆ ಟ್ರಕ್ಕಿಗೂ ಕ್ಲಚ್ಚು ಸೇರಿ ಮೂರು ಪೆಡಲು. ಗಂಡನಿಗಿಂತ ಎಂಟು ವರ್ಷ ಚಿಕ್ಕವರಾದ ಫುಮಿಯೆಯವರು ಅದನ್ನು ತುಂಬಿದ ಹೊರೆಯೊಂದಿಗೆ ಆ ಕಡಿದಾದ ತೋಟದ ದಾರಿಯಲ್ಲಿ ದಿನಾ ಇಳಿಸುವುದನ್ನು ಊರೆಲ್ಲ ಕಂಡಿದೆ. ಕೆಂಪು ಗಾಡಿಯಲ್ಲಿ ಮಾತ್ರ ಅವರು ಬುಟ್ಟಿ ಹಿಡಿಯುವವರು ಎಂದು ನಮ್ಮೆಲ್ಲರ ತಲೆಯಲ್ಲಿ ಕೂತುಬಿಟ್ಟಿತ್ತು.

"ಒಂದು ದಿನಾನೂ ಕೇಳ್ಲಿಲ್ವಲ್ಲ ನೀನು, ಓಡಿಸ್ತೀನಿ ಅಂತ."

"ನೀವೂ ಕೇಳ್ಲಿಲ್ಲ. ಬುಟ್ಟಿ ಹಿಡ್ಕೋ ಅಂದ್ರಿ, ಹಿಡ್ಕೊಂಡೆ."

ತೊಕುಜಿಯವರು ಮೊದಲ ಸಲ ಪಕ್ಕದ ಸೀಟಿನ ಬಾಗಿಲು ತೆರೆದು, ಮೊಣಕಾಲು ಮಡಿಚಿ, ಬುಟ್ಟಿ ಸಮೇತ ಒಳಗೆ ಇಳಿದರು. ಗಾಡಿ ಒಂದು ಕುಲುಕೂ ಇಲ್ಲದೆ ಹೊರಟಿತು. ಮೊದಲ ತಿರುವಿನಲ್ಲಿ ತೊಕುಜಿಯವರ ಟೋಪಿ ಹಾರಿ ರಸ್ತೆಗೆ ಬಿತ್ತು. ಗಾಡಿ ನಿಲ್ಲಲಿಲ್ಲ. ಚಿಗುಸಾ ಓಡಿಹೋಗಿ ಅದನ್ನು ಎತ್ತಿಕೊಂಡು ಬಂದು, ಅಜ್ಜಿಯ ಬ್ರೇಕು ತಾತನದಕ್ಕಿಂತ ಚೆನ್ನಾಗಿದೆ ಎಂದಳು.

ವಾಪಸು ಬಂದಾಗ ಬುಟ್ಟಿಯಲ್ಲಿ ತಂಗಿ ಕೊಟ್ಟ ಒಣಮೀನಿತ್ತು. ತೊಕುಜಿಯವರ ಕೂದಲೆಲ್ಲ ಎದ್ದು ನಿಂತಿತ್ತು. ಇಳಿಯದೆ ಬಾಗಿಲಿನ ಮೇಲೆ ಮೊಣಕೈ ಊರಿದರು.

"ಈ ಸೀಟಿಂದ ಕಡಲು ಕಾಣುತ್ತೆ ಕಣಯ್ಯ," ಎಂದರು ನನಗೆ. "ನಾನು ಬರೀ ರಸ್ತೆ ನೋಡಿದ್ದೆ."

ಒಸಾಕಾದವನಿಗೆ ಬರಬೇಡಿ ಎಂದು ನಾನೇ ಫೋನು ಮಾಡಿದೆ. ಓಡಿಸುವವರು ಇದ್ದಾರಲ್ಲ, ಮಗಳೂ ತಕರಾರು ಮಾಡಲಿಲ್ಲ. ಚಳಿಗಾಲದ ರಜೆಯಲ್ಲಿ ಚಿಗುಸಾ ಅಜ್ಜಿಯ ಕೈಕೆಳಗೆ ಸ್ವಂತ ತೋಟದೊಳಗೇ ಟ್ರಕ್ಕು ಓಡಿಸಿ ಕಲಿತಳು. ಮೊದಲ ವಾರ ಟ್ರಕ್ಕು ಕಪ್ಪೆಯಂತೆ ಕುಪ್ಪಳಿಸಿತು. ಒಂದು ಬುಟ್ಟಿ ಹಣ್ಣು ಉರುಳಿ ಕೆಳಗಿನ ತೋಟದವರಿಗೆ ಸೇರಿತು. ಆಮೇಲೆ ಶಾಲೆಗೆ ಹೋಗಿ ಲೈಸೆನ್ಸೂ ಸರಿಮಾಡಿಸಿಕೊಂಡಳು.

ಅವಳು ಮೊದಲ ಸಲ ಕಾಪುಚಿನೊ ಓಡಿಸಲು ಹೊರಟ ದಿನ ಪಕ್ಕದಲ್ಲಿ ಯಾರು ಕೂರಬೇಕು ಎಂಬ ಮಾತೇ ಏಳಲಿಲ್ಲ. ಅವಳು ಮನೆಯಿಂದ ಹೊರಗೆ ಬರುವಷ್ಟರಲ್ಲಿ ತಾತ ತಲೆಗೆ ಫುಮಿಯೆಯವರ ಬಟ್ಟೆ ಬಿಗಿದುಕೊಂಡು, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಆಗಲೇ ಕೂತಾಗಿತ್ತು.