ಪಟ್ಟಲಮ್ಮನಿಗಾಗಿ ನಿಂತ ಬಸ್ಸು

ನಿಂತಿತು, ಮತ್ತೆ ನಿಂತಿತು, ಯಾಕೆ ನಿಲ್ಲಿಸಿದ ಇವನು, ಇದು ಸ್ಟಾಪೂ ಅಲ್ಲ, ಎಡಕ್ಕೆ ಭತ್ತ ಬಲಕ್ಕೆ ಕಬ್ಬು, ಕೆರಗೋಡು ಬಿಟ್ಟು ಒಂದು ಮೈಲಿ ಬಂದಿಲ್ಲ, ಆಗಲೇ ಮೂರನೇ ಸಲ — ಓ, ಅಲ್ಲಿ, ನಾಲೆ ಏರಿಯ ಆ ತುದಿಯಲ್ಲಿ ಯಾರೋ ಕೈ ಎತ್ತಿದ್ದಾರೆ, ತಲೆಯ ಮೇಲೆ ಸೊಪ್ಪಿನ ಹೊರೆ, ಪಟ್ಟಲಮ್ಮನೇ, ಆ ನಡಿಗೆ ಅವಳದೇ, ಇಪ್ಪತ್ತು ವರ್ಷದಿಂದ ಮಂಡ್ಯದ ಮಾರ್ಕೆಟ್ಟಿಗೆ ಸೊಪ್ಪು ಹೊತ್ತವಳು, ಇಲ್ಲಿಗೆ ಬರಲು ನಾಲ್ಕು ನಿಮಿಷವಾದರೂ ಬೇಕು. ನನ್ನ ಬಲಗಾಲು ನೋಡು, ತಾನೇ ತಾನಾಗಿ ಆಕ್ಸಿಲರೇಟರ್ ಒತ್ತುತ್ತಿದೆ, ಸುಮ್ಮನಿರೋ, ಇವತ್ತು ನೀನು ಪ್ಯಾಸೆಂಜರು, ಸ್ಟೇರಿಂಗ್ ಹಿಡಿದವನು ಪ್ರಸನ್ನ, ಮೊದಲು ನನ್ನ ಬಸ್ಸಿನ ಕ್ಲೀನರು, ನಾನು ಬಸ್ಸು ಓಡಿಸಲು ಪೋಲೆಂಡಿಗೆ ಹೋದ ಮೇಲೆ ನನ್ನ ಸೀಟಿಗೆ ಬಂದವನು, ಇಂಜಿನ್ ಆರಿಸಿ ಎಲೆಗೆ ಸುಣ್ಣ ಹಚ್ಚುತ್ತಿದ್ದಾನೆ, ಪುಣ್ಯಾತ್ಮ. ಆ ಸೀಟು ನನಗೆ ವಾಪಸ್ಸು ಬೇಕು, ಬೇಕೇ ಬೇಕು, ಬಸ್ಸಿನ ಮಾಲೀಕ ಚೌಡಯ್ಯ ನೆನ್ನೆ ಫೋನಿನಲ್ಲಿ, ಪ್ರಸನ್ನಂಗೆ ಮದ್ದೂರು ರೂಟು ಕೊಡ್ತೀನಿ, ನಿನ್ ಗಾಡಿ ನೀನೇ ಓಡಿಸ್ಕೊಂಡಿರು ಕಣ್ಲಾ, ಸಂಜೆ ಒಳಗೆ ಬಂದು ಒಂದ್ ಮಾತು ಯೋಳ್ಬುಡು, ಅಂದ, ಗುರುವಾರಕ್ಕೆ ಪೋಲೆಂಡಿಗೆ ವಾಪಸ್ಸು ವಿಮಾನದ ಟಿಕೆಟ್ಟಿದೆ, ಹೂಂ ಅಂದುಬಿಟ್ಟರೆ ಹತ್ತಬೇಕಾಗಿಲ್ಲ, ಹೂಂ ಅನ್ನಲೆಂದೇ ಮಂಡ್ಯಕ್ಕೆ ಹೊರಟಿದ್ದೇನೆ.

ಅಲ್ಲಿ ಪೋಲೆಂಡಿನಲ್ಲಿ ಬಸ್ಸು ಏಳು ಹದಿನೇಳು ಅಂದರೆ ಏಳು ಹದಿನೇಳು, ಹದಿನಾರಕ್ಕೆ ಹೊರಟರೂ ತಪ್ಪು ಹದಿನೆಂಟಕ್ಕೆ ಹೊರಟರೂ ತಪ್ಪು, ಮೊದಲ ತಿಂಗಳು ಕೈ ಎತ್ತಿದವರಿಗೆಲ್ಲ ನಿಲ್ಲಿಸಿದೆ, ಮೇಲಿನವರು ಕರೆದು ಕೂರಿಸಿ ನಯವಾಗಿಯೇ ಹೇಳಿದರು, ನೀನು ಒಬ್ಬರಿಗೆ ಕಾದರೆ ಮುಂದೆ ಇಪ್ಪತ್ತು ಜನ ಚಳಿಯಲ್ಲಿ ಕಾಯುತ್ತಾರೆ, ಸರಿಯೇ ಅಲ್ಲವೇ ಅದೂ, ಸರಿ. ಎರಡನೇ ತಿಂಗಳು ಒಬ್ಬ ಮುದುಕಿ, ಹಿಮದಲ್ಲಿ ಜಾರುತ್ತ ಬಂದಳು, ಬಾಗಿಲು ಮುಚ್ಚಿಯಾಗಿತ್ತು, ಗಾಜಿನ ಮೇಲೆ ಅಂಗೈ ಇಟ್ಟಳು, ಬಡಿಯಲಿಲ್ಲ, ಇಟ್ಟಳು ಅಷ್ಟೇ, ನಾನು ಹೊರಟೆ, ಅವತ್ತು ಊಟ ಸೇರಲಿಲ್ಲ, ಮಾರನೇ ದಿನ ಸೇರಿತು, ಹೊಟ್ಟೆ ಎಷ್ಟು ದಿನ ಕೇಳುತ್ತದೆ. ಊರಿಗೆ ಬಂದು ಹದಿನೆಂಟು ದಿನ, ಹೆಂಡತಿ ಮಂಜುಶ್ರೀ ನಗುತ್ತಾಳೆ, ಮುದ್ದೆ ನುಂಗಕ್ಕೂ ಟೈಮ್ ನೋಡ್ತೀಯಲ್ಲ, ನಗಲಿ, ಎಷ್ಟಾಯಿತು ಈಗ, ಎರಡು ನಿಮಿಷ ನಲವತ್ತು ಸೆಕೆಂಡು, ಪಟ್ಟಲಮ್ಮ ತೂಬಿನ ಹತ್ತಿರ ನಿಂತು ಸೆರಗು ಸಿಕ್ಕಿಸಿಕೊಳ್ಳುತ್ತಿದ್ದಾಳೆ, ಅಯ್ಯೋ ನಡಿಯಮ್ಮ, ಮೂರು ನಿಮಿಷ, ಮೂರು ಹತ್ತು — ಬುಡ್ಲಾ ಪ್ರಸನ್ನ, ಇಂದ್ಗಡೆ ಇನ್ನೊಂದ್ ಬಸ್ಸದೆ, ಅದ್ರಲ್ಲಿ ಬತ್ತಾಳೆ — ಯಾರು ಅಂದದ್ದು, ಯಾರ ಗಂಟಲು ಅದು, ನನ್ನದೇ, ಎಲ್ಲರೂ ನನ್ನ ಕಡೆಗೇ ತಿರುಗಿದ್ದಾರೆ, ಕನ್ನಡಿಯಲ್ಲಿ ಪ್ರಸನ್ನನ ಕಣ್ಣು, ಸಿದ್ದೇಸಣ್ಣ, ಕಾಯೋದ್ನ ನನ್ಗೆ ಕಲಿಸ್ದೋನೇ ನೀನಲ್ವಣ್ಣಾ. ಬೈದಿದ್ದರೆ ಚೆನ್ನಾಗಿತ್ತು. ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿದರೂ ಒಳಗೆ ಎಣಿಕೆ ನಡೆದೇ ಇದೆ, ನಾಲ್ಕು, ನಾಲ್ಕು ಇಪ್ಪತ್ತು.

ಹತ್ತಿದಳು. ಕಂಬ ಹಿಡಿದು ನಿಂತವಳೇ ಹೊರೆಯನ್ನು ನನ್ನ ತೊಡೆಯ ಮೇಲೆ ಹಾಕಿದಳು, ನಿಂತವರ ಗಂಟು ಕೂತವರ ತೊಡೆಗೆ, ಇಲ್ಲಿ ಅದಕ್ಕೆ ಯಾರೂ ಅಪ್ಪಣೆ ಕೇಳುವುದಿಲ್ಲ, ಸೀಟು ಬಿಡಲು ಎದ್ದರೆ ಭುಜ ಅದುಮಿದಳು, ಕೂತ್ಕಳ್ಲಾ ಸುಮ್ಕೆ, ಅಲ್ಲಿ ಎರಡು ವರ್ಷದಲ್ಲಿ ಒಬ್ಬರೂ ನನ್ನ ತೊಡೆಯ ಮೇಲೆ ಏನನ್ನೂ ಇಟ್ಟಿಲ್ಲ, ದಂಟಿನ ಸೊಪ್ಪು, ಆಗತಾನೇ ತೊಳೆದದ್ದು, ನೀರು ಪ್ಯಾಂಟಿಗೆ ಇಳಿಯುತ್ತಿದೆ, ತಣ್ಣಗೆ, ಎಷ್ಟು ಚೆನ್ನಾಗಿದೆ. ಯಾವಾಗ್ಲಾ ಬಂದೆ ಸಿದ್ದೇಸ, ಗಾಡಿ ತಿರ್ಗಾ ನೀನೇ ಓಡಿಸ್ತೀಯಂತೆ, ಚೌಡಯ್ಯ ಯೋಳ್ದ, ಬಾ ಕಣಪ್ಪ, ನೀನಿದ್ರೆ ನಾನು ಓಡ್ಬರೋ ಅಂಗೇ ಇಲ್ಲ. ಬಸ್ಸಿನ ಮೂವತ್ತು ಜನರಲ್ಲಿ ಒಬ್ಬರಾದರೂ, ನಿನ್ನ ಬಿಟ್ಟು ಹೊರಡು ಅಂದವನು ಇವನೇ ಎಂದು ಹೇಳಬಾರದೇ, ಯಾರೂ ಹೇಳುವುದಿಲ್ಲ, ನನ್ನ ಮಾನ ಕಾಯುತ್ತಿದ್ದಾರೆ, ಪಟ್ಟಲಮ್ಮ ಬಿಡುತ್ತಿಲ್ಲ, ಯಾಕ್ಲಾ, ಓಡಿಸ್ತೀಯ ತಾನೆ, ಹೂಂ ಅನ್ನಬೇಕು, ಒಂದೇ ಅಕ್ಷರ, ಬಾಯಿ ತೆರೆದಿದ್ದೇನೆ, ಬರುತ್ತಿಲ್ಲ, ಹಿಮ, ಮುಚ್ಚಿದ ಬಾಗಿಲು, ಗಾಜಿನ ಮೇಲೆ ಅಂಗೈ, ಬಡಿಯದ ಅಂಗೈ, ಐದು ಬೆರಳು —